ಐದರಲ್ಲಿ ಎಷ್ಟು

ಸಂಫ್ಯ ಊರಿಗೆ ಕರೆಂಟು ಬರುವುದು
ರಾತ್ರಿ ಒಂದಕ್ಕೆ, ಕಳ್ಳನ ಹಾಗೆ.
ಕಸೊಂಡೆ ಎದ್ದು ಕೂರುತ್ತಾಳೆ.
ಮೊದಲು ಇಸ್ತ್ರಿ, ಆಮೇಲೆ ಫೋನು,
ಪಕ್ಕದ ಮನೆಯವರ ಫೋನು,
ಆಮೇಲೆ ಸರ್ಕಾರ.

ಲುಸಾಕದಿಂದ ಬಂದ ನಮೂನೆ, ಅರವತ್ತೆರಡು ಪ್ರಶ್ನೆ.
ಯಂತ್ರಗಳು ಯೋಚಿಸುವ ಕಾಲವಂತೆ;
ನಿಮ್ಮ ಜಿಲ್ಲೆ ಅದಕ್ಕೆ ಎಷ್ಟು ಸಿದ್ಧ?
ಒಂದರಿಂದ ಐದರೊಳಗೆ ಗುರುತು ಹಾಕಿ.
ಶುಕ್ರವಾರ ಕಡೆಯ ದಿನ.
ಕಾಗದದ ಮೇಲೆ ಬರೆದದ್ದು ನಡೆಯುವುದಿಲ್ಲ.

ಹೆಸರು ಬರೆದಳು. ಅದರ ಕೆಳಗೆ
ಕೆಂಪು ಗೆರೆಯೊಂದು ಹುಳುವಾಗಿ ಹರಿಯಿತು.
ಮೂವತ್ತೆಂಟು ವರ್ಷ ಕರೆದಾಗೆಲ್ಲ ಓಗೊಟ್ಟ ಹೆಸರು
ತಪ್ಪಂತೆ.
ಊರಿನ ಹೆಸರೂ ತಪ್ಪು, ಸರೋವರದ್ದೂ.

ಏಳನೆಯ ಪ್ರಶ್ನೆ: ವಿದ್ಯುತ್ ನಂಬಬಹುದೇ?
ಕತ್ತಲಲ್ಲಿ ಅವಳ ಹಲ್ಲು ಮಾತ್ರ ಹೊಳೆದವು.

ಹದಿನಾಲ್ಕು: ದತ್ತಾಂಶ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ?
ಕಚೇರಿಯ ಹಿಂದಿನ ಕೋಣೆಯಲ್ಲಿದೆ,
ಕೀಲಿ ಕಳೆದ ಎರಡು ಬೀರು, ಜನನ ಮರಣದ ದಪ್ತರು.
ಎಪ್ಪತ್ತೊಂಬತ್ತರಿಂದ ಎಂಬತ್ತಾರರ ತನಕ
ಗೆದ್ದಲು ಓದಿ ಮುಗಿಸಿವೆ.
ಆದರೆ ಚಿಬ್ವೆ ಇದ್ದಾನೆ, ಹಳೆಯ ಗುಮಾಸ್ತ.
ಪಿಂಚಣಿ ಬಂದಿಲ್ಲ, ಹಾಗಾಗಿ ಮನೆಗೂ ಹೋಗಿಲ್ಲ.
ಯಾರ ಮಗು ಯಾವ ವರ್ಷ ಎಂದು ಕೇಳಿದರೆ
ಕಣ್ಣು ಮುಚ್ಚುತ್ತಾನೆ:
"ದೋಣಿ ಮುಗುಚಿತಲ್ಲ, ಅದರ ಮಾರನೆಯ ಮಳೆಗಾಲ.
ಅವಳಿ. ಒಂದು ಉಳಿಯಿತು.
ಅಗೋ, ಮೀನಿನ ಬುಟ್ಟಿ ಹೊತ್ತು ಹೋಗುತ್ತಿದ್ದಾಳಲ್ಲ, ಅವಳೇ."
ಕಸೊಂಡೆ ಟೈಪು ಮಾಡಿದಳು: ದತ್ತಾಂಶ ಚೆನ್ನಾಗಿದೆ.
ಕೆಮ್ಮುತ್ತದೆ.

ಇಪ್ಪತ್ತೊಂಬತ್ತು: ಸ್ಥಳೀಯ ಭಾಷೆ.
ಅದಕ್ಕೆ ಅಕ್ಕನ ಮಗ ಲುಕ್ವೆಸ ಇದ್ದಾನೆ.
ಗಾಳಿಯ ಸದ್ದು ತಾಗದಂತೆ, ಬೋರಲು ಹಾಕಿದ ದೋಣಿಯಡಿ ತೂರಿ
ಫೋನಿಗೆ ಬೆಂಬಾ ಭಾಷೆಯಲ್ಲಿ ವಾಕ್ಯ ಓದುತ್ತಾನೆ.
ನೂರು ವಾಕ್ಯಕ್ಕೆ ಎರಡು ದಿನದ ಟಾಕ್‌ಟೈಮು.
ವಾಕ್ಯಗಳು ಎಲ್ಲಿಂದಲೋ ಬರುತ್ತವೆ:
ರೈಲು ತಡವಾಗಿದೆ.
ನನ್ನ ಉಣ್ಣೆಯ ಕೋಟು ಎಲ್ಲಿ?
ಅಜ್ಜಿ ದೋಣಿಯನ್ನು ಕೋಲಿನಿಂದ ಕುಟ್ಟಿದಳು,
"ಯಾರ ಜೊತೆಯೋ ಜಗಳ?"
"ನಮ್ಮ ಮಾತು ಕಲಿಸುತ್ತಿದ್ದೇನೆ ಅಜ್ಜೀ, ಯಂತ್ರಕ್ಕೆ."
"ಹಾಗಾದರೆ ಬೈಗುಳದಿಂದ ಶುರುಮಾಡು.
ನೀನೂ ಹಾಗೇ ಕಲಿತದ್ದು."

ಮೂವತ್ತಾರು: ಆರೋಗ್ಯ ಸೇವೆ.
ಇಲ್ಲಿ ಅವಳ ಬೆರಳು ನಿಂತಿತು.
ದ್ವೀಪದಿಂದ ದಡಕ್ಕೆ ಆರು ತಾಸು, ಗಾಳಿ ಎದುರಾದರೆ ಒಂಬತ್ತು.
ಒಂಬತ್ತೇ ಆಗಿತ್ತು ಆ ದಿನ.
ಅಕ್ಕನ ತಲೆ ಇವಳ ತೊಡೆಯ ಮೇಲೆ,
ದೋಣಿಯ ತಳದಲ್ಲಿ ನೀರೋ ರಕ್ತವೋ.
ಈಗ ಅಂಥದೊಂದು ಯಂತ್ರ ಇದೆಯಂತೆ,
ಅಂಗೈಯಗಲದ್ದು, ಹೊಟ್ಟೆಯ ಮೇಲಿಟ್ಟರೆ
ಮಗು ಅಡ್ಡಲಾಗಿದೆ ಎಂದು ವಾರ ಮೊದಲೇ ಹೇಳುತ್ತದಂತೆ.
ಬೇಕು.
ಬೇಕೇ ಎಂದು ಅರವತ್ತೆರಡರಲ್ಲಿ
ಒಂದು ಪ್ರಶ್ನೆಯೂ ಕೇಳಿರಲಿಲ್ಲ.

ಎದ್ದು ಹಿತ್ತಲಿಗೆ ಹೋದಳು.
ಡ್ರಮ್ಮಿನ ನೀರಲ್ಲಿ ಕಹಿ ಮರಗೆಣಸು, ಮೂರು ದಿನದಿಂದ.
ಅವಸರ ಮಾಡಿ ತೆಗೆದರೆ ವಿಷ,
ಮರೆತು ಬಿಟ್ಟರೆ ಕೊಳೆ.
ಒಂದು ಗೆಣಸು ಎತ್ತಿ ಹೆಬ್ಬೆರಳೊತ್ತಿ ನೋಡಿದಳು.
ಉಗುರಿನಷ್ಟು ಇಳಿಯಿತು, ನಡುವಿನ ನಾರು ತಡೆಯಿತು.
ನಾಳೆ. ಇಲ್ಲ, ನಾಡಿದ್ದು.

ಒದ್ದೆ ಕೈ ಒರೆಸುತ್ತ ಒಳಗೆ ಬಂದರೆ ಪರದೆಯ ಮೇಲೆ ಬರೆದಿತ್ತು:
ಬಹಳ ಹೊತ್ತಿನಿಂದ ನೀವು ಇಲ್ಲಿಲ್ಲ.
ದಯವಿಟ್ಟು ಮೊದಲಿನಿಂದ ಆರಂಭಿಸಿ.
ಓದಿ ಮುಗಿಸುವಷ್ಟರಲ್ಲಿ ಕರೆಂಟೂ ಹೋಯಿತು.

ಗುರುವಾರ ರಾತ್ರಿ, ಒಂದು ಗಂಟೆ ಹತ್ತು ನಿಮಿಷ.
ಹೊರಗೆ ಚಿಬ್ವೆಯ ಕೆಮ್ಮು, ಕಚೇರಿಯ ಜಗಲಿಯಿಂದ.
ಕೀಲಿಮಣೆಯ ಮೇಲೆ ಗೆಣಸಿನ ಹುಳಿ ವಾಸನೆಯ ಬೆರಳು.
ಪ್ರಶ್ನೆ ಒಂದು:
ನಿಮ್ಮ ಹೆಸರು.